ತೊಳೆದ ಕೈ, ಜಾರಿದ ಕನ್ನಡಕ

ಕಳೆದ ತಿಂಗಳು ಕಣ್ಣು ತೋರಿಸಲು ತೀರ್ಥಹಳ್ಳಿಗೆ ಹೋಗಿದ್ದೆ. ಆಸ್ಪತ್ರೆಯ ಕೈತೊಟ್ಟಿಯ ಮೇಲೆ ಗೋಡೆಗೆ ಒಂದು ಚಿತ್ರ ಅಂಟಿಸಿದ್ದರು. ಅಂಗೈ ತಿಕ್ಕುವುದು, ಬೆರಳ ಸಂದು ತಿಕ್ಕುವುದು, ಉಗುರು ತಿಕ್ಕುವುದು, ಒಂದೊಂದಕ್ಕೂ ಒಂದೊಂದು ಚೌಕ. ಈಗ ಎಲ್ಲ ಕಡೆ ಬಾಟಲಿಯಲ್ಲಿ ಬರುವ ನೀಲಿ ದ್ರವ. ಇವರಲ್ಲಿ ಮಾತ್ರ ಹೇಗೋ ಹಳೆಯ ಕೆಂಪು ಕಾರ್ಬಾಲಿಕ್ ಸೋಪಿನ ಬಿಲ್ಲೆ ಉಳಿದುಕೊಂಡಿತ್ತು. ಆ ವಾಸನೆ ಮೂಗಿಗೆ ಬಡಿಯಿತು. ಕೈ ತೊಳೆದೆ. ಬಗ್ಗಿದ್ದರಿಂದ ಕನ್ನಡಕ ಜಾರಿತ್ತು. ಒದ್ದೆ ಬೆರಳಿನ ಗೆಣ್ಣಿನಿಂದ ಅದನ್ನು ಮೇಲಕ್ಕೆ ತಳ್ಳಿದೆ. ಹಿಂದೆ ನಿಂತಿದ್ದ ಚಿಕ್ಕ ವಯಸ್ಸಿನ ನರ್ಸ್, "ಅಜ್ಜಾ, ತೊಳೆದ ಮೇಲೆ ಮುಖ ಮುಟ್ಟಬಾರ್ದು. ಮತ್ತೆ ತೊಳೀರಿ" ಅಂದಳು.

ಮತ್ತೆ ತೊಳೆದೆ. ನಗುತ್ತಾ ತೊಳೆದೆ. ಮುದುಕನಿಗೆ ತಲೆ ಸರಿಯಿಲ್ಲ ಎಂದು ಆ ಹುಡುಗಿ ಅಂದುಕೊಂಡಿರಬೇಕು. ಅವಳು ಅಷ್ಟು ಸಲೀಸಾಗಿ ಹೇಳಿದ ಮಾತನ್ನೇ ನನ್ನ ಅಕ್ಕ ಇದೇ ಊರಿನಲ್ಲಿ ಒಮ್ಮೆ ಹೇಳಿದ್ದಳು. ಅದಕ್ಕೆ ಅವಳು ಆಸೆಪಟ್ಟಿದ್ದ ಹುದ್ದೆ ಕೈತಪ್ಪಿತು. ಅದನ್ನು ಅವಳು ವಾಪಸು ತೆಗೆದುಕೊಂಡ ವರ್ಷದ ವಿಷಯ ಇದು.

ನಾನು ಪತ್ರಿಕೆಯ ಕೆಲಸದಲ್ಲಿ ಮುದುಕನಾದವನು. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಬೇರೆ ಬರೆಯುವ ಅಭ್ಯಾಸ ಬಿಟ್ಟುಹೋಗಿಲ್ಲ. ಇಲ್ಲಿಯೂ ಹಾಗೇ ಬರೆಯುತ್ತೇನೆ. ಆದರೆ ನನಗೆ ಸಿಟ್ಟಿಲ್ಲ ಎಂದು ಬರೆದರೆ ಅದು ಸುಳ್ಳು ವರದಿಯಾಗುತ್ತದೆ.

ಅರವತ್ತರ ದಶಕದ ನಡುವಿನ ಮಾತು. ಶರಾವತಿಗೆ ಅಣೆಕಟ್ಟಾಗಿ ಹಿನ್ನೀರು ನಿಂತ ಹೊಸತು. ಸಾಗರದ ಪೇಟೆಯಲ್ಲಿ ಕಾರ್ಗಲ್ ಕಡೆಯ ಲಾರಿಗಳ ದೂಳು ಇನ್ನೂ ಅಡಗಿರಲಿಲ್ಲ. ನಾನು ಶಿವಮೊಗ್ಗದ ಒಂದು ದಿನಪತ್ರಿಕೆಗೆ ಸಾಗರದಿಂದ ಸುದ್ದಿ ಕಳಿಸುತ್ತಿದ್ದೆ. ಅಕ್ಕ ವನಜಾಕ್ಷಿ ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್. ಬಾಡಿಗೆ ಮನೆಯಲ್ಲಿ ಇಬ್ಬರೇ ಇದ್ದೆವು. ಹೆಣ್ಣುಮಗಳು ಕಂಡವರ ಮಲಮೂತ್ರ ತೆಗೆಯುವ ಕೆಲಸಕ್ಕೆ ಹೋಗುವುದೇ ಎಂದು ಅಪ್ಪ ಅವಳೊಂದಿಗೆ ಮಾತು ಬಿಟ್ಟಿದ್ದರು. "ನಾನು ಟೀಚರಾಗ್ತೀನಿ, ಆಗ ಮಾತಾಡ್ತಾರೆ ನೋಡು" ಎನ್ನುತ್ತಿದ್ದಳು. ಅವಳು ಹೇಳುತ್ತಿದ್ದದ್ದು ನರ್ಸುಗಳಿಗೂ ಸೂಲಗಿತ್ತಿಯರಿಗೂ ಪಾಠ ಹೇಳುವ ಬೋಧಕಿಯ ಹುದ್ದೆ. ಅದು ಬಿಟ್ಟು ಅವಳು ಬೇರೇನನ್ನೂ ಆಸೆಪಟ್ಟಿದ್ದು ನಾನು ಕಂಡಿಲ್ಲ.

ಆ ವರ್ಷ ಅಂಥ ಹುದ್ದೆಯೊಂದು ಸಾಗರಕ್ಕೇ ಬಂತು. ಹಳ್ಳಿಗಳಲ್ಲಿ ಹೆರಿಗೆಗಳು ಸೂಲಗಿತ್ತಿಯರ ಕೈಯಲ್ಲೇ ಆಗುತ್ತಿದ್ದವು. ಅವರನ್ನು ಕರೆಸಿ ಶುಚಿಯಾಗಿ ಹೆರಿಗೆ ಮಾಡಿಸುವುದನ್ನು ಕಲಿಸಬೇಕು ಎಂದು ಯೋಜನೆ. ಕಲಿಸುವವರಿಗೆ ಮೊದಲು ಕಲಿಸಬೇಕಲ್ಲ, ಅದಕ್ಕೆ ತೀರ್ಥಹಳ್ಳಿಯಲ್ಲಿ ಒಂದು ಶಿಬಿರ ಇಟ್ಟರು. ನಿರ್ದೇಶಕರಾಗಿ ಬೆಂಗಳೂರಿನಿಂದ ಡಾ. ವಾಮನಮೂರ್ತಿ ಬಂದರು. ಬಿಳಿ ಪ್ಯಾಂಟು, ದಪ್ಪ ಕಟ್ಟಿನ ಕನ್ನಡಕ, ಒಳ್ಳೆಯ ಕಂಠ. ಅಕ್ಕ ಹೋದಳು. ಅವಳ ಗೆಳತಿ, ಅದೇ ಆಸ್ಪತ್ರೆಯ ಲೀಲಾವತಿಯೂ ಹೋದಳು. ಇಬ್ಬರೂ ಒಂದೇ ಟ್ರಂಕಿನಲ್ಲಿ ಸೀರೆ ತುಂಬಿಕೊಂಡು ಬಸ್ಸು ಹತ್ತಿದ್ದರು.

ಮೊದಲ ದಿನ ಪತ್ರಿಕೆಯವರಿಗೂ ಕರೆಯಿತ್ತು. ಆದ್ದರಿಂದ ಇದು ನಾನು ಕಣ್ಣಾರೆ ಕಂಡದ್ದು.

ಮಾಗಿಯ ಚಳಿ. ತುಂಗೆಯ ಮೇಲಿನ ಮಂಜು ಇನ್ನೂ ಬಿಟ್ಟಿರಲಿಲ್ಲ. ಹಾಲಿನಲ್ಲಿ ಒಂದು ಮೇಜು, ಬೇಸಿನ್ನು, ಕೆಂಪು ಸೋಪು, ಉಗುರು ತಿಕ್ಕುವ ಬ್ರಷ್ಷು. ಜವಾನ ಚೊಂಬಿನಿಂದ ನೀರು ಸುರಿಯುತ್ತಿದ್ದ. ಡಾಕ್ಟರು ತೋಳು ಮಡಚಿ, "ನಾನು ಮಾಡೋದನ್ನ ಕಣ್ಣು ಮಿಟುಕಿಸದೆ ನೋಡಿ. ನೀವು ಹೀಗೇ ಕಲಿಸಬೇಕು. ಒಂದು ಕೂದಲೆಳೆ ಆಚೀಚೆ ಆಗಬಾರದು" ಅಂದರು. ಕೈ ತೊಳೆದರು. ನಿಜಕ್ಕೂ ಚೆನ್ನಾಗಿ ತೊಳೆದರು. ಮೊಣಕೈಯಿಂದ ನೀರು ಇಳಿಯುವಂತೆ ಎರಡೂ ಕೈ ಮೇಲೆತ್ತಿ ಹಿಡಿದರು. ಆಮೇಲೆ ಬೆರಳಿನ ಗೆಣ್ಣಿನಿಂದ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿ, ಅದೇ ಕೈಯಿಂದ, ಹೆರಿಗೆಯ ಪಾಠಕ್ಕೆಂದು ಮೇಜಿನ ಮೇಲಿಟ್ಟಿದ್ದ ಬಟ್ಟೆಯ ಗೊಂಬೆಯನ್ನು ಹಿಡಿದುಕೊಂಡರು.

ಅಕ್ಕ ಎದ್ದು ನಿಂತಳು. "ಸಾರ್, ಕನ್ನಡಕ ಮುಟ್ಟಿದ್ರಿ. ಮತ್ತೆ ತೊಳೀಬೇಕಲ್ವಾ?"

ಯಾರೋ ಕಿಸಕ್ಕನೆ ನಕ್ಕರು. ನಗು ಇಲ್ಲದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತೇನೋ. ಡಾಕ್ಟರು ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾವೂರಮ್ಮ?"

"ಇಲ್ಲೇ ಸಾರ್, ಮಂಡಗದ್ದೆ ಹತ್ರ."

"ಅದಕ್ಕೇ. ಹೊಳೇಲಿ ಪಾತ್ರೆ ತೊಳೆಯೋ ಕೈಗೆ ನರ್ಸ್ ಟೋಪಿ ಇಟ್ರೆ ಹೀಗೇ ಆಗೋದು. ಪಾಠ ಕೇಳೋಕೆ ಬಂದಿದೀಯೋ, ನನ್ನ ಕೈ ಕಾಯೋಕೆ ಬಂದಿದೀಯೋ?" ಆಮೇಲೆ ಎಲ್ಲರತ್ತ ತಿರುಗಿದರು. "ಹೌದು, ಮುಟ್ಟಿದೆ. ಬೇಕು ಅಂತಲೇ ಮುಟ್ಟಿದೆ. ಬರ್ಕೊಳ್ಳಿ ಎಲ್ಲರೂ. ತೊಳೆದಾದ ಮೇಲೆ ಕೊನೇದು, ಮೂಗಿನ ಮೇಲೆ ಬೆರಳಿಟ್ಟು ದೃಷ್ಟಿ ನೇರ ಮಾಡ್ಕೊಳ್ಳೋದು."

ಎಲ್ಲರೂ ಬರೆದುಕೊಂಡರು. ಲೀಲಾವತಿಯೂ ತಲೆ ತಗ್ಗಿಸಿ ಬರೆದುಕೊಂಡಳು. ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಆ ಹಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಹೇಳಿದ ಡಾಕ್ಟರಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಅಂದಿನಿಂದ ಪ್ರತಿ ಸಲ ಕೈ ತೊಳೆದಾಗಲೂ ಅವರು ಅಕ್ಕನ ಮುಖ ನೋಡಿಕೊಂಡು, ನಿಧಾನವಾಗಿ, ಎಲ್ಲರಿಗೂ ಕಾಣುವಂತೆ ಮೂಗು ಮುಟ್ಟುತ್ತಿದ್ದರಂತೆ. ಇದು ಅಕ್ಕ ಹೇಳಿದ್ದು. ಆಮೇಲೆ ಬೇರೆ ಇಬ್ಬರಿಂದಲೂ ಕೇಳಿ ಖಚಿತಪಡಿಸಿಕೊಂಡಿದ್ದೇನೆ.

ಜವಾನನನ್ನು ಬೇರೆ ಕೆಲಸಕ್ಕೆ ಕಳಿಸಿ ಚೊಂಬನ್ನು ಅಕ್ಕನ ಕೈಗೆ ಕೊಟ್ಟರು. ಶಿಬಿರ ಮುಗಿಯುವವರೆಗೆ ಉಳಿದವರೆಲ್ಲ ಸರದಿಯಲ್ಲಿ ಕೈ ತೊಳೆದು ಪಾಠ ಮಾಡಿ ತೋರಿಸಿದರು, ಅಕ್ಕ ಅವರಿಗೆ ನೀರು ಸುರಿದಳು. ಸಮಾರೋಪಕ್ಕೆ ನಾನು ಹೋದಾಗಲೂ ಅವಳು ಚೊಂಬು ಹಿಡಿದು ಬೇಸಿನ್ನಿನ ಪಕ್ಕ ನಿಂತಿದ್ದಳು. ಪ್ರಮಾಣಪತ್ರ ಕೊಟ್ಟರು. ಲೀಲಾವತಿಯದರಲ್ಲಿ ಮೊದಲ ದರ್ಜೆ. ಅಕ್ಕನದರಲ್ಲಿ 'ಕಲಿಸಲು ಯೋಗ್ಯಳಲ್ಲ' ಎಂದಿತ್ತು.

ಸಂಪಾದಕರಿಗೆ ಎಲ್ಲ ಬರೆದು ಕಳಿಸಿದೆ. ಮುಂದಿನ ಬಾರಿ ಶಿವಮೊಗ್ಗಕ್ಕೆ ಹೋದಾಗ ಅವರು ಕೂರಿಸಿಕೊಂಡು ಕೇಳಿದರು. "ನಿನ್ನ ಅಕ್ಕ ಅಲ್ವೇನೋ?"

"ಹೌದು ಸಾರ್."

"ಹಾಗಾದ್ರೆ ನೀನು ಬರೀಬಾರ್ದು. ಒಬ್ಬರು ಒಬ್ಬರಿಗೆ ಬೈದದ್ದು ಸುದ್ದಿನೂ ಅಲ್ಲ. ಆ ಮೂಗು ಮುಟ್ಟೋದ್ರಿಂದ ಏನಾಯ್ತು ಅಂತ ಗೊತ್ತಾದಾಗ ಬಾ." ನನ್ನ ವರದಿಯಲ್ಲಿ ಉಳಿದದ್ದು ಶಿಬಿರ ಯಶಸ್ವಿಯಾಯಿತು ಎಂಬ ಮಾತು, ಗಣ್ಯರ ಹೆಸರುಗಳು. ಅಕ್ಕ ಅದನ್ನು ಓದಿ ಮಡಚಿಟ್ಟಳು. ನನ್ನ ಮೇಲೆ ಸಿಟ್ಟಾಗಲಿಲ್ಲ. ಅವಳು ಸಿಟ್ಟನ್ನು ಅಲ್ಲಲ್ಲಿ ಚೆಲ್ಲುವವಳಲ್ಲ.

ಸಾಗರದ ಹುದ್ದೆ ಲೀಲಾವತಿಗೆ ಸಿಕ್ಕಿತು. ಅಕ್ಕನನ್ನು ಹೊಸನಗರದ ಕಡೆ ಹಿನ್ನೀರಿನ ಅಂಚಿನ ಒಂದು ಹಳ್ಳಿಯ ಉಪಕೇಂದ್ರಕ್ಕೆ ಹಾಕಿದರು. ಹಳೆಯ ರಸ್ತೆ ನೀರಿನಡಿ ಹೋಗಿತ್ತು. ಬಸ್ಸು ಆನಂದಪುರದ ಮೇಲೆ ಸುತ್ತಿ ಹೋಗಿ, ಊರಿಗೆ ಇನ್ನೂ ಅಷ್ಟು ದೂರ ಇರುವಾಗಲೇ ಇಳಿಸುತ್ತಿತ್ತು. ಅವಳು ಹೊರಡುವ ದಿನ ಲೀಲಾವತಿ ಬಸ್ ಸ್ಟ್ಯಾಂಡಿಗೆ ಬಂದಿದ್ದಳು.

"ವನಜಾ, ನಾನೇನು ಮಾಡ್ಲಿ ಹೇಳು. ನಂಗೂ ಎರಡು ಮಕ್ಕಳಿದಾವೆ."

"ಕಲಿಸು. ಅವರು ಹೇಳಿದಂಗೇ ಕಲಿಸು. ಕೂದಲೆಳೆ ಆಚೀಚೆ ಆಗಬಾರ್ದು" ಅಂದಳು ಅಕ್ಕ.

ಲೀಲಾವತಿ ಅದನ್ನು ಬೈಗುಳವೆಂದು ತಿಳಿದುಕೊಂಡಳು. ಬೇಸಗೆಯಲ್ಲಿ ಸೂಲಗಿತ್ತಿಯರನ್ನು ತಂಡ ತಂಡವಾಗಿ ಸಾಗರಕ್ಕೆ ಕರೆಸಿ ಹಾಗೇ ಕಲಿಸಿದಳು. ತೊಳೆದ ಕೈಯಿಂದ ಮೂಗು ಮುಟ್ಟದವರನ್ನು ಮತ್ತೆ ಮೊದಲಿನಿಂದ ಮಾಡಿಸಿದಳು. ಅಂಜಿಕೆಯಿಂದ ಕಲಿತವರು ಅಂಜಿಕೆಯನ್ನೂ ಸೇರಿಸಿಯೇ ಕಲಿಸುತ್ತಾರೆ ಎಂಬುದನ್ನು ನಾನು ಆ ವರ್ಷ ಕಂಡೆ.

ಮಳೆಗಾಲದಲ್ಲಿ ಅಕ್ಕನ ಊರಿಗೆ ಹೋಗುವುದು ಅಂದರೆ ಕಾಲಿಗೆ ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಂಡು, ರಕ್ತ ಹೀರುವ ಉಂಬಳ ಕೀಳುತ್ತಾ ನಡೆಯುವುದು. ಎರಡು ಸಲ ಹೋಗಿದ್ದೆ. ಮೊದಲ ಸಲ ಹೋದಾಗ ಅಕ್ಕ ಮನೆಯಲ್ಲಿರಲಿಲ್ಲ. ಪಕ್ಕದ ಕೇರಿಯಲ್ಲಿ ಬಾಣಂತಿಯೊಬ್ಬಳಿಗೆ ಜ್ವರ ಏರಿ ಸನ್ನಿಯಾಗಿತ್ತು. ಸಾವಿತ್ರಿ ಎಂದು ಹೆಸರು, ಚೊಚ್ಚಿಲು. ಹೊಳೆ ತುಂಬಿ ಹೊಸನಗರದ ಆಸ್ಪತ್ರೆಯ ದಾರಿ ಮುಚ್ಚಿತ್ತು, ನಾನು ಬಂದ ಕಾಲುದಾರಿಯಲ್ಲಿ ಸಾಗರದ ಕಡೆ ಹೊತ್ತೊಯ್ಯುವ ಸ್ಥಿತಿಯಲ್ಲಿ ಆಕೆ ಇರಲಿಲ್ಲ. ನಾನು ತಿರುಗಿ ಸಾಗರ ಮುಟ್ಟುವ ಮೊದಲೇ ಆಕೆ ತೀರಿಕೊಂಡಳು. ಮಗು ಉಳಿಯಿತು.

ಮೂಗು ಮುಟ್ಟಿದ ಕೈಯಿಂದಲೇ ಆ ಜ್ವರ ಬಂತು ಎಂದು ನಾನು ಬರೆಯಲಾರೆ. ಅದಕ್ಕೆ ಸಾಕ್ಷ್ಯವಿಲ್ಲ. ಹೆರಿಗೆ ಮಾಡಿಸಿದ ಗುತ್ಯಮ್ಮನನ್ನು ಕೂರಿಸಿಕೊಂಡು ಏನೇನು ಮಾಡಿದೆ, ಹೇಗೆ ಮಾಡಿದೆ, ತೋರಿಸು ಎಂದು ಅಕ್ಕ ಕೇಳಿದ್ದು ಮಾತ್ರ ನಿಜ. ಗುತ್ಯಮ್ಮ ಆ ಸೀಮೆಯ ಹಳೆಯ ಸೂಲಗಿತ್ತಿ, ನಾಲಗೆ ಚುರುಕು, ಬಾಯಲ್ಲಿ ಸದಾ ಎಲೆಯಡಿಕೆ. ಸಾಗರದ ತರಬೇತಿಗೆ ಹೋಗಿಬಂದವಳು. ಅವಳು ಕೈ ತೊಳೆದಳು, ಸೊಗಸಾಗಿ ತೊಳೆದಳು, ಕೊನೆಗೆ ಬೆರಳಿನ ಗೆಣ್ಣನ್ನು ಮೂಗಿನ ಮೇಲೆ ಇಟ್ಟಳು.

"ಇದೆಂತದೇ ಗುತ್ಯಮ್ಮಾ?"

"ಲೀಲಮ್ಮೋರು ಹೇಳಿಕೊಟ್ಟಿದ್ದು. ಮೂಗು ಮುಟ್ಟದಿದ್ರೆ ಪಾಸಿಲ್ಲ ಅಂತಿದ್ರು. ದೇವ್ರಿಗೆ ಕೈ ಮುಗೀತಾರಲ್ಲ, ಹಂಗೆ ಇದು ಡಾಕ್ಟ್ರ ದೇವ್ರಿಗೆ ಅಂತ ಮಾಡಿದ್ದೆ."

ಅಕ್ಕ ಅಲ್ಲಿಂದ ಎದ್ದಳಂತೆ. ಹಿತ್ತಲಿಗೆ ಹೋಗಿ ಒಂದು ಹಿಡಿ ಸೂಜಿಮೆಣಸು ಕಿತ್ತು ತಂದಳು. ಮರುದಿನ ಸುತ್ತಲಿನ ಸೂಲಗಿತ್ತಿಯರನ್ನೆಲ್ಲ ಉಪಕೇಂದ್ರಕ್ಕೆ ಕರೆಸಿದಳು. ಅವರ ಮೂಗಿನ ಮೇಲೆ ಮೆಣಸು ಜಜ್ಜಿ ತಿಕ್ಕಿಸಿ, ಕೈ ತೊಳೆಸಿ, "ಈಗ ಲೀಲಮ್ಮ ಕಲಿಸಿದಂಗೆ ಮೂಗು ಮುಟ್ಟಿ. ಮುಟ್ಟಿದ್ರಾ? ಆ ಬೆರಳನ್ನ ನಾಲಗೆ ಮೇಲಿಡಿ" ಅಂದಳು. ಗುತ್ಯಮ್ಮ ಬಾಯಿ ಬಿಟ್ಟುಕೊಂಡು ಅಂಗಳದ ತುಂಬ ಓಡಾಡಿದಳಂತೆ. "ಮೂಗಲ್ಲಿದ್ದದ್ದು ಬೆರಳಿಗೆ ಬಂತಾ? ಬೆರಳಲ್ಲಿದ್ದದ್ದು ಬಾಣಂತಿಗೆ ಹೋಗುತ್ತೆ. ಇನ್ನು ಮುಟ್ಟಿದವರ ಕೈಗೆ ನಾನೇ ಮೆಣಸು ಹಚ್ತೀನಿ." ಅವತ್ತಿನಿಂದ ಅಕ್ಕನ ಸುತ್ತಿನ ಹಳ್ಳಿಗಳಲ್ಲಿ ಆ ರೂಢಿ ನಿಂತಿತು. ಉಳಿದ ಸೀಮೆಯಲ್ಲಿ ಮುಂದುವರಿಯುತ್ತಲೇ ಇತ್ತು.

ಅಕ್ಕ ಈ ವಿಷಯವನ್ನು ಸಾಗರದ ಕಚೇರಿಗೆ ಬರೆದು ತಿಳಿಸಿದಳು. ಯಾರೂ ಉತ್ತರ ಕೊಡಲಿಲ್ಲ. ಮತ್ತೆ ಬರೆದಳು. ತರಬೇತಿಯಲ್ಲಿ ಅನುತ್ತೀರ್ಣರಾದವರು ತರಬೇತಿಯ ಬಗ್ಗೆ ಅಭಿಪ್ರಾಯ ಕೊಡುವಂತಿಲ್ಲ ಎಂದು ಒಂದು ಸಾಲು ಬಂತು. ಎರಡನೆಯ ಸಲ ನಾನು ಹೋದಾಗ ಅದನ್ನು ತೋರಿಸಿ, "ಆ ಡಾಕ್ಟ್ರನ್ನ ಬಿಡಲ್ಲ ಮಾರಾಯ" ಅಂದಳು. ಸಾವಿತ್ರಿಯ ಗಂಡ ಕೂಸಿಗೆ ಹಾಲಿನ ಪುಡಿ ಕೇಳಿಕೊಂಡು ಬಾಗಿಲಲ್ಲಿ ನಿಂತಿದ್ದ.

ಮಳೆ ಬಿಟ್ಟು, ಭತ್ತದ ಕೊಯ್ಲು ಶುರುವಾದ ಹೊತ್ತಿಗೆ ಆ ಸುದ್ದಿ ಬಂತು. ಬೋಧಕಿಯರ ತರಬೇತಿ ಎಷ್ಟು ಫಲ ಕೊಟ್ಟಿದೆ ಎಂದು ಅಳೆಯಲು ದೆಹಲಿಯಿಂದ ಒಬ್ಬರು ಬರುತ್ತಾರೆ. ಅವರು ಒಪ್ಪಿದರೆ ವಾಮನಮೂರ್ತಿಯವರ ಪಾಠದ ಕ್ರಮ ರಾಜ್ಯಕ್ಕೆಲ್ಲ ವಿಸ್ತರಿಸುತ್ತದೆ.

ಬಂದವರು ಮಿಸ್ ಅಚ್ಚಮ್ಮ. ಕೇರಳದವರು, ಒಂದು ಕಾಲದಲ್ಲಿ ಮಂಗಳೂರಿನಲ್ಲಿ ನರ್ಸುಗಳಿಗೆ ಪಾಠ ಹೇಳಿದವರು. ಅಲ್ಲಿಯ ಕನ್ನಡ ನಾಲಗೆಯಲ್ಲಿ ಉಳಿದಿತ್ತು. ಕುಳ್ಳಗೆ, ಗಟ್ಟಿಯಾಗಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯುವ ಹೆಂಗಸು. ಸಾಗರದ ಪ್ರವಾಸಿ ಬಂಗಲೆಯಲ್ಲಿ ನಾನು ಸುದ್ದಿಗಾಗಿ ಕೂತಿದ್ದೆ. ಡಾಕ್ಟರು ಹಾಳೆಗಳ ಕಂತೆಯೊಂದನ್ನು ಅವರ ಮುಂದಿಟ್ಟರು. ಶಿಬಿರ ಮುಗಿದ ದಿನ ಬೋಧಕಿಯರು ಬರೆದುಕೊಟ್ಟ ಅಭಿಪ್ರಾಯಗಳು.

ಅಚ್ಚಮ್ಮ ಒಂದೊಂದಾಗಿ ಓದಿದರು. "ಎಲ್ಲರೂ ಊಟ ಒಳ್ಳೇದಿತ್ತು ಬರ್ದಿದ್ದಾರೆ. ಅಡಿಗೆಯವರಿಗೆ ಒಂದು ಪ್ರಮೋಷನ್ ಕೊಡ್ಬಹುದು. ಪಾಠ ಒಳ್ಳೇದಿತ್ತು ಅಂತ ಹೇಗೆ ಗೊತ್ತಾಗುದು?"

"ಎಲ್ಲರೂ ಪಾಸಾಗಿದಾರೆ ಮೇಡಂ. ಒಬ್ಬಳನ್ನ ಬಿಟ್ಟು."

"ಪಾಸ್ ಮಾಡಿದ್ದು ಯಾರು?"

"ನಾನೇ."

"ಹಾಗಾದ್ರೆ ಪಾಸಾದ್ದು ನೀವು." ಹಾಳೆಗಳನ್ನು ಬದಿಗಿಟ್ಟರು. "ನೀವು ಬೋಧಕಿಗೆ ಕಲಿಸಿದ್ದು. ಬೋಧಕಿ ಸೂಲಗಿತ್ತಿಗೆ ಕಲಿಸಿದ್ದು. ನಂಗೆ ಸೂಲಗಿತ್ತಿಯ ಕೈ ನೋಡ್ಬೇಕು. ಅಲ್ಲಿ ಎಂತ ಉಂಟೋ ಅದೇ ನೀವು ಕಲಿಸಿದ್ದು."

"ನಾಳೆ ಇಲ್ಲೇ ಕರೆಸಿದೀನಿ ಮೇಡಂ, ಒಳ್ಳೊಳ್ಳೆ ಹೆಂಗಸರು."

"ಕರೆಸಿದವರು ಬೇಡ. ನೀವು ಯಾರೂ ಹೋಗದ ಊರು ಯಾವ್ದುಂಟು?"

ಡಾಕ್ಟರು ಯೋಚಿಸುತ್ತಿದ್ದರು. ಪತ್ರಿಕೆಯವನಾದ ನಾನು ಅಂಥ ಊರೊಂದಿದೆ, ಹಿನ್ನೀರಿನ ಅಂಚಿನಲ್ಲಿ, ಜೀಪು ಗದ್ದೆಬಯಲಿನವರೆಗೆ ಹೋಗುತ್ತದೆ, ಮುಂದೆ ನಡೆಯಬೇಕು ಎಂದೆ. ಅಲ್ಲಿ ನರ್ಸ್ ಇದ್ದಾರಾ ಎಂದು ಅಚ್ಚಮ್ಮ ಕೇಳಿದರು. ಇದ್ದಾರೆ ಎಂದೆ. ಅದಕ್ಕಿಂತ ಹೆಚ್ಚು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಊರಿನ ಹೆಸರು ಹೇಳಿದಾಗ ಡಾಕ್ಟರ ಮುಖದಲ್ಲಿ ಏನೂ ಬದಲಾಗಲಿಲ್ಲ. ಅಕ್ಕನನ್ನು ಎಲ್ಲಿಗೆ ಎಸೆದಿದ್ದೇವೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಉಳಿದೆಲ್ಲವನ್ನೂ ನಾನು ಕ್ಷಮಿಸಿಬಿಡುತ್ತಿದ್ದೆನೋ ಏನೋ, ಆ ಮರೆವನ್ನು ಕ್ಷಮಿಸಲಾಗಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಹೋಗಿ ಅವರಿಗಿಂತ ಮುಂಚೆ ತಲುಪಿದೆ. ಅಚ್ಚಮ್ಮ ಬರುವ ಸುದ್ದಿಯನ್ನು ಅಕ್ಕನಿಗೆ ಹೇಳಿದೆ. ಅವಳು ಕೂಡಲೇ ಗದ್ದೆಗೆ ಹೇಳಿಕಳಿಸಿದಳು. ಸೂಲಗಿತ್ತಿಯರು ಕತ್ತಿ ಸೊಂಟದಲ್ಲೇ ಸಿಕ್ಕಿಸಿಕೊಂಡು, ತಲೆಯಲ್ಲಿ ಹುಲ್ಲಿನ ಕಡ್ಡಿ ಹೊತ್ತುಕೊಂಡೇ ಬಂದರು. ಅಕ್ಕ ಅವರನ್ನು ಜಗುಲಿಯ ಮೇಲೆ ಕೂರಿಸಿದಳು.

"ದೊಡ್ಡೋರು ಬರ್ತಾರೆ. ಕೈ ತೊಳೆದು ತೋರ್ಸಿ ಅಂತಾರೆ. ಲೀಲಮ್ಮ ಕಲಿಸಿದಂಗೇ ತೋರ್ಸಿ. ಒಂದೂ ಬಿಡ್ಬೇಡಿ."

ಗುತ್ಯಮ್ಮ ಎಲೆಯಡಿಕೆ ಉಗಿದು ಬಂದಳು. "ಮೂಗೂ ಮುಟ್ಬೇಕಾ?"

"ಮುಟ್ಬೇಕು."

"ಮುಟ್ಟಿದ್ರೆ ಮೆಣಸು ಹಚ್ತೀನಿ ಅಂದೋರು ನೀವೇ ಅಲ್ಲನಾ ಅಮ್ಮಾ? ನಾವು ತಪ್ಪು ಮಾಡಿ ಫೇಲಾಗೋದಾ ಈ ವಯಸ್ಸಲ್ಲಿ?"

"ಇವತ್ತಿನ ಪರೀಕ್ಷೆ ನಿಮ್ದಲ್ಲ ಗುತ್ಯಮ್ಮ. ಕಲಿಸಿದೋರದ್ದು."

ಗುತ್ಯಮ್ಮ ಅಕ್ಕನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅವಳಿಗೆ ಎಲ್ಲ ಗೊತ್ತಾಯಿತು ಅನ್ನಿಸುತ್ತದೆ. "ಹಂಗಾದ್ರೆ ಚೆಂದ ಮಾಡ್ತೀನಿ ಬಿಡಿ" ಅಂದಳು.

ಇದು ಸರಿಯೋ ತಪ್ಪೋ ಎಂದು ಹಲವರು ಆಮೇಲೆ ನನ್ನನ್ನು ಕೇಳಿದ್ದಾರೆ. ನನ್ನ ಉತ್ತರ ಒಂದೇ. ಸೂಲಗಿತ್ತಿಯರು ತಿದ್ದಿಕೊಂಡ ರೀತಿಯಲ್ಲಿ ಕೈ ತೊಳೆದು ತೋರಿಸಿದ್ದರೆ ಆ ಶುಚಿಯ ಕೀರ್ತಿಯೆಲ್ಲ ವಾಮನಮೂರ್ತಿಯವರ ಪಾಠಕ್ಕೆ ಸಲ್ಲುತ್ತಿತ್ತು. ಅಕ್ಕನ ಮೆಣಸಿನ ಫಲವನ್ನು ಅವರು ತಮ್ಮ ಹೆಸರಿನಲ್ಲಿ ರಾಜ್ಯಕ್ಕೆಲ್ಲ ಒಯ್ಯುತ್ತಿದ್ದರು, ಜೊತೆಗೆ ಆ ಮೂಗನ್ನೂ ಒಯ್ಯುತ್ತಿದ್ದರು. ಕಲಿಸಿದ್ದನ್ನು ಅಳೆಯಬೇಕಾದರೆ ಕಲಿಸಿದ್ದನ್ನೇ ನೋಡಬೇಕು. ಅಕ್ಕನಿಗೆ ಅದರಲ್ಲಿ ಸೇಡಿನ ರುಚಿ ಸಿಕ್ಕಿದ್ದರೆ ಅದು ಅಳತೆಯನ್ನು ತಪ್ಪಾಗಿಸುವುದಿಲ್ಲ.

ಬಿಸಿಲು ಏರಿದ ಮೇಲೆ ಅವರು ಗದ್ದೆ ಅಂಚಿನಲ್ಲಿ ನಡೆದು ಬಂದರು. ಮುಂದೆ ಅಚ್ಚಮ್ಮ, ಹಿಂದೆ ಡಾಕ್ಟರು, ಅವರ ಹಿಂದೆ ಲೀಲಾವತಿ. ಡಾಕ್ಟರು ಬೆವರಿ ನೆಂದಿದ್ದರು. ಅಕ್ಕನನ್ನು ಕಂಡಾಗಲೂ ಅವರಿಗೆ ಗುರುತು ಸಿಗಲಿಲ್ಲ. ಲೀಲಾವತಿ ಮಾತ್ರ ಅಂಗಳದ ತುದಿಯಲ್ಲೇ ನಿಂತುಬಿಟ್ಟಳು.

ಬೇಸಿನ್ನು, ಸೋಪು ಇಟ್ಟರು. ಸೂಲಗಿತ್ತಿಯರು ಸಾಲಾಗಿ ನಿಂತರು. ಒಬ್ಬೊಬ್ಬರಾಗಿ ತೊಳೆದು, ಕೈ ಮೇಲೆತ್ತಿಕೊಂಡು ಉಳಿದವರಿಗಾಗಿ ಕಾದರು. ಅಚ್ಚಮ್ಮ ಉಗುರುಗಳನ್ನು ಬಗ್ಗಿ ನೋಡಿ ತಲೆಯಾಡಿಸುತ್ತಿದ್ದರು. ಡಾಕ್ಟರು ಹೆಮ್ಮೆಯಿಂದ ನನ್ನತ್ತ ತಿರುಗಿ, "ಬರ್ಕೊಳ್ಳಿ" ಅಂದರು. ಬರೆದುಕೊಂಡೆ. ಆಗ ಗುತ್ಯಮ್ಮ ಮುಂದೆ ನಿಂತು, ಬೆರಳಿನ ಗೆಣ್ಣನ್ನು ಮೂಗಿನ ಮೇಲೆ ಇಟ್ಟು, ನಿಧಾನವಾಗಿ ಮೇಲಕ್ಕೆ ತಳ್ಳಿದಳು. ಅವಳ ಹಿಂದೆ ಇಡೀ ಸಾಲು ಹಾಗೇ ಮಾಡಿತು. ಮೂಗುತಿ ಇದ್ದ ಮೂಗು, ಇಲ್ಲದ ಮೂಗು, ಯಾವ ಮೂಗಿನ ಮೇಲೂ ಕನ್ನಡಕವಿರಲಿಲ್ಲ.

ಅಚ್ಚಮ್ಮ ನೆಟ್ಟಗಾದರು. "ಇದು ಎಂತ?"

"ಕೊನೇದು ಅಮ್ಮಾ" ಅಂದಳು ಗುತ್ಯಮ್ಮ. "ಕಣ್ಣು ನೇರ ಮಾಡ್ಕೊಳ್ಳೋದು."

"ಯಾರು ಕಲಿಸಿದ್ದು?"

"ಲೀಲಮ್ಮೋರು."

ಅಚ್ಚಮ್ಮ ಅಂಗಳದ ತುದಿಗೆ ನೋಡಿದರು. "ನಿಮಗೆ ಯಾರು ಕಲಿಸಿದ್ದು?"

ಲೀಲಾವತಿ ಡಾಕ್ಟರತ್ತ ನೋಡಿದಳು. ಬಾಯಿ ತೆರೆಯುವ ಅಗತ್ಯ ಬೀಳಲಿಲ್ಲ. ಡಾಕ್ಟರು "ಮೇಡಂ, ಇದು..." ಎಂದು ಶುರುಮಾಡಿ, ಗಾಬರಿಯಲ್ಲಿ, ಗೆಣ್ಣಿನಿಂದ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡರು.

ಯಾರೂ ನಗಲಿಲ್ಲ. ತೀರ್ಥಹಳ್ಳಿಯ ಹಾಲಿನಲ್ಲಿ ನಕ್ಕಿದ್ದರು, ಇಲ್ಲಿ ಯಾರೂ ನಗಲಿಲ್ಲ.

"ಹಳ್ಳಿ ಹೆಂಗಸರು ತಪ್ಪಾಗಿ ಹಿಡ್ಕೊಂಡಿದಾರೆ ಮೇಡಂ. ಸರಿಯಾದ ಕ್ರಮ ನಾನು ತೋರಿಸ್ತೀನಿ" ಎಂದು ಡಾಕ್ಟರು ತೋಳು ಮಡಚಿ ಬೇಸಿನ್ನಿನ ಬಳಿ ಬಂದರು. ಅಕ್ಕ ಚೊಂಬು ಎತ್ತಿಕೊಂಡಳು.

"ತೊಳೀರಿ ಸಾರ್. ನಾನು ಸುರೀತೀನಿ. ಅಭ್ಯಾಸ ಇದೆ."

ಆಗ ಅವರಿಗೆ ಗುರುತು ಸಿಕ್ಕಿತು. ಅವರ ಕಣ್ಣಿನಲ್ಲಿ ಅದು ಹುಟ್ಟಿದ್ದನ್ನು ನಾನು ಕಂಡೆ. ಆದರೆ ಕೈಗೆ ಆಗಲೇ ನೀರು ಬಿದ್ದಿತ್ತು.

ತೊಳೆದರು. ಅಕ್ಕ ಆತುರಪಡದೆ ಸುರಿದಳು. ತೊಳೆದು ಎರಡೂ ಕೈ ಮೇಲೆತ್ತಿ ಹಿಡಿದರು. ಹಣೆಯ ಬೆವರು ಮೂಗಿಗೆ ಇಳಿಯಿತು. ಕನ್ನಡಕ ಜಾರತೊಡಗಿತು. ಅವರು ತಲೆಯನ್ನು ಹಿಂದಕ್ಕೆ ಮಾಡಿದರು. ನಿಂತಿತು. ಮತ್ತೆ ಜಾರಿತು. ಮೂಗು ಸುಕ್ಕಿಸಿದರು, ತುಟಿ ಮೇಲೆತ್ತಿದರು. ಅಂಗಳದಲ್ಲಿದ್ದ ಎಲ್ಲರ ಕಣ್ಣೂ ಆ ಕನ್ನಡಕದ ಮೇಲಿತ್ತು. ಅದು ಮೂಗಿನ ತುದಿಗೆ ಬಂದು ತೂಗುತ್ತಿತ್ತು. ಮುಟ್ಟುವಂತಿಲ್ಲ, ಬಿಡುವಂತಿಲ್ಲ. ದೇವರಿಗೆ ಮೊರೆಯಿಡುವವರಂತೆ ಕೈ ಎತ್ತಿಕೊಂಡು ನಿಂತ ಆ ಮನುಷ್ಯನನ್ನು ಅಕ್ಕ ಚೊಂಬು ಹಿಡಿದು, ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಅವರು ಹೇಳಿಕೊಟ್ಟಿದ್ದ ಹಾಗೆಯೇ.

ಕೊನೆಗೆ ಗುತ್ಯಮ್ಮ ಮುಂದೆ ಬಂದು, ತುದಿಗಾಲಲ್ಲಿ ನಿಂತು, ತನ್ನ ಬೆರಳಿನಿಂದ ಅದನ್ನು ಮೇಲಕ್ಕೆ ತಳ್ಳಿ ಕೂರಿಸಿದಳು. "ನೀವು ಮುಟ್ಬೇಡಿ ಅಯ್ಯಾ. ಕೈ ತೊಳೆದಿದೀರಿ" ಅಂದಳು.

ಅಚ್ಚಮ್ಮ ಅಕ್ಕನನ್ನು ಒಳಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿದರು. ಮೂಗು ಮುಟ್ಟಲು ಇವತ್ತು ಹೇಳಿದ್ದು ತಾನೇ ಎಂಬುದನ್ನೂ ಅಕ್ಕ ಬಚ್ಚಿಡಲಿಲ್ಲ. ಅಚ್ಚಮ್ಮ ಇನ್ನೂ ನಾಲ್ಕಾರು ಊರುಗಳಿಗೆ ಹೋದರು. ಅಲ್ಲಿ ಯಾರೂ ಯಾರಿಗೂ ಮುಂಚಿತವಾಗಿ ಹೇಳಿಟ್ಟಿರಲಿಲ್ಲ, ಎಲ್ಲ ಕಡೆಯೂ ಮೂಗು ಮುಟ್ಟಿದರು.

ಸಂಪಾದಕರ ಬಳಿ ನಾನೇ ಹೋದೆ. "ಏನಾಯ್ತು ಅಂತ ಗೊತ್ತಾಯ್ತು ಸಾರ್" ಎಂದು ವರದಿ ಮುಂದಿಟ್ಟೆ. ಅಕ್ಕನ ಹೆಸರಿರಲಿಲ್ಲ, ಒಂದೂ ವಿಶೇಷಣ ಇರಲಿಲ್ಲ. ಕೈ ತೊಳೆದ ಬಳಿಕ ಸೂಲಗಿತ್ತಿಯರು ಬೆರಳಿನಿಂದ ಮೂಗನ್ನು ಮುಟ್ಟಿಕೊಂಡರು. ತಮಗೆ ಹಾಗೆಯೇ ಕಲಿಸಲಾಗಿದೆ ಎಂದು ತಿಳಿಸಿದರು. ಸೂಲಗಿತ್ತಿಯರಲ್ಲಿ ಯಾರೂ ಕನ್ನಡಕ ಧರಿಸುವುದಿಲ್ಲ. ತರಬೇತಿಯ ನಿರ್ದೇಶಕರು ಕನ್ನಡಕ ಧರಿಸುತ್ತಾರೆ.

ಅವರು ಅದನ್ನು ಓದಿ, ಪೆನ್ನು ತೆಗೆದು, ಮತ್ತೆ ಮುಚ್ಚಿಟ್ಟರು. "ಕೊನೇ ವಾಕ್ಯ ಬೇಕೇನೋ?"

"ಅದು ಸತ್ಯಾಂಶ ಸಾರ್."

ಹಾಗೇ ಅಚ್ಚಾಯಿತು.

ಆ ಪಾಠದ ಕ್ರಮ ಬೇರೆಲ್ಲಿಗೂ ಹೋಗಲಿಲ್ಲ. ಮಾಗಿ ಮತ್ತೆ ಬರುವ ಹೊತ್ತಿಗೆ ಅಕ್ಕ ಸಾಗರಕ್ಕೆ ಬೋಧಕಿಯಾಗಿ ಬಂದಳು, ಲೀಲಾವತಿಯನ್ನು ಆ ಹಳ್ಳಿಗೆ ಹಾಕಿದರು. ಲೀಲಾವತಿ ನನ್ನ ಮೂಲಕ ಕ್ಷಮೆ ಕೇಳಿಕಳಿಸಿದಳು. ಅಕ್ಕ ಅವಳಿಗಾಗಿ ಉಪಕೇಂದ್ರದ ಕಿಟಕಿಯ ಮೇಲೆ ಒಂದು ಹಿಡಿ ಸೂಜಿಮೆಣಸು ಒಣಗಿಸಿಟ್ಟು ಬಂದಿದ್ದಳು. ಅಪ್ಪ ಒಂದು ದಿನ ಸಾಗರಕ್ಕೆ ಬಂದು, ಅವಳು ಪಾಠ ಹೇಳುವ ಕೋಣೆಯ ಹೊರಗೆ ನಿಂತು ಕೇಳಿ, ಏನೂ ಮಾತಾಡದೆ ಊಟ ಮಾಡಿಕೊಂಡು ಹೋದರು.

ವಾಮನಮೂರ್ತಿಯವರಿಗೆ ಕೆಲಸ ಹೋಗಲಿಲ್ಲ. ಅಂಥವರಿಗೆ ಹೋಗುವುದಿಲ್ಲ. ಬೇರೆ ಜಿಲ್ಲೆಗೆ ವರ್ಗವಾಗಿ, ಅಲ್ಲಿಯೂ ಪಾಠ ಹೇಳುತ್ತಿದ್ದರಂತೆ. ದಶಕ ಮುಗಿಯುವ ಹೊತ್ತಿಗೆ ಒಮ್ಮೆ ಆನಂದಪುರದ ರೈಲು ನಿಲ್ದಾಣದಲ್ಲಿ ಅವರನ್ನು ಕಂಡೆ. ಬೆಂಚಿನ ಮೇಲೆ ಕೂತು ಪತ್ರಿಕೆ ಓದುತ್ತಿದ್ದರು, ನಮ್ಮದೇ ಪತ್ರಿಕೆ. ಕನ್ನಡಕದ ಎರಡು ಕಡ್ಡಿಗಳಿಗೂ ಕಪ್ಪು ದಾರ ಕಟ್ಟಿ, ತಲೆಯ ಹಿಂದೆ ಗಂಟು ಹಾಕಿದ್ದರು. ಪುಟ ತಿರುಗಿಸುವಾಗ ಅವರ ಕೈ ಅಭ್ಯಾಸದಂತೆ ಮೂಗಿನತ್ತ ಎದ್ದಿತು, ಅರ್ಧದಲ್ಲಿ ನಿಂತು ಕೆಳಗಿಳಿಯಿತು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಮರುದಿನದ ಪಾಠಕ್ಕೆ ಬಟ್ಟೆಯ ಗೊಂಬೆಗೆ ಹೊಲಿಗೆ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. ಸೂಜಿಯನ್ನು ಆಚೆ ಎಳೆದು, ನೂಲು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು.

"ಬಿಗಿಯಾಗಿ ಕಟ್ಟಿದ್ನಾ?" ಅಂದಳು.